ಮೀನಿನ ಕರುಳು

ಕನ್ನಡದವರು ಮಮತೆಯನ್ನು ಕರುಳಿನಲ್ಲಿಟ್ಟಿದ್ದಾರೆ. ಹೆತ್ತ ಕರುಳು, ಕರುಳ ಕುಡಿ, ಕರುಳ ಬಳ್ಳಿ. ಪರರ ಕಷ್ಟ ಕಂಡರೆ ನಮಗೆ ಕರುಳು ಚುರುಕ್ಕೆನ್ನುತ್ತದೆ. ಉರ್ದುವಿನವರು ಅದೇ ಮಮತೆಯನ್ನು ಜಿಗರ್‌ನಲ್ಲಿ, ಅಂದರೆ ಪಿತ್ತಜನಕಾಂಗದಲ್ಲಿ ಇಟ್ಟರು. ಅವರ ಮಗು ‘ಜಿಗರ್ ಕಾ ಟುಕಡಾ’. ಕರುಳಿಗೆ ಅವರು ಕೊಟ್ಟದ್ದು ಹಸಿವಿನ ಕೆಲಸ. ಹೊಟ್ಟೆ ವಿಪರೀತ ಹಸಿದಾಗ ‘ಆಂತೇಂ ಕುಲ್ ಹುವಲ್ಲಾಹ್ ಪಢ್ ರಹೀ ಹೈಂ’ ಎನ್ನುತ್ತಾರೆ. ಕರುಳುಗಳು ಕುಳಿತು ಕುರ್‌ಆನಿನ ಅಧ್ಯಾಯ ಪಠಿಸುತ್ತಿವೆಯಂತೆ. ಏಳನೆಯ ಇಯತ್ತೆಯವರೆಗೆ ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಹೈಸ್ಕೂಲಿನಲ್ಲಿ ಕಲಿತ ನನ್ನಂಥವರಿಗೆ ಈ ಎರಡೂ ನುಡಿಗಟ್ಟುಗಳು ಒಂದೇ ಹೊಟ್ಟೆಯಲ್ಲಿ ಹೊಂದಿಕೊಂಡು ಹೋಗಿವೆ. ಇವುಗಳ ನಿಜವಾದ ಅರ್ಥವನ್ನು ಒಂದು ಮೀನಿನ ಹೊಟ್ಟೆ ಸೀಳಿ ನೋಡುವ ಸಂದರ್ಭ ಬರುತ್ತದೆಂದು ಮಾತ್ರ ಅಂದುಕೊಂಡಿರಲಿಲ್ಲ.

ಧಾರವಾಡದಲ್ಲಿ ಹೆಬ್ಬಳ್ಳಿ ಅಗಸಿ ಅಂದರೆ ಎಲ್ಲರಿಗೂ ಗೊತ್ತು. ಆ ಅಗಸಿಗೆ ಹೆಸರು ಕೊಟ್ಟ ಊರು ಹೆಬ್ಬಳ್ಳಿ. ಎರೆ ಭೂಮಿ. ಹೆಸರು, ಶೇಂಗಾ, ಸೋಯಾಬೀನ್, ಹಿಂಗಾರಿಗೆ ಬಿಳಿಜೋಳ, ಕಡಲೆ. ಮಳೆ ಬಂದರೆ ಕಾಲು ಹೂತು ಹೋಗುವಷ್ಟು ಕೆಸರು, ಹೋದರೆ ಕೈ ತೂರುವಷ್ಟು ಬಿರುಕು. ನನ್ನ ಖಾಲಾ, ಅಂದರೆ ತಾಯಿಯ ತಂಗಿ, ಮದುವೆಯಾಗಿ ಹೋದದ್ದು ಈ ಊರಿಗೆ. ಸರ್ಕಾರ 2014ರಲ್ಲಿ ಕೃಷಿಭಾಗ್ಯ ಯೋಜನೆ ತಂದಾಗ ಖಾಲಾನ ಮಗ ಹೊಲದಲ್ಲಿ ಕೃಷಿಹೊಂಡ ತೋಡಿಸಿದ. ಇಪ್ಪತ್ತೊಂದು ಮೀಟರ್ ಉದ್ದ, ಅಷ್ಟೇ ಅಗಲ, ಮೂರು ಮೀಟರ್ ಆಳ, ಒಳಗೆಲ್ಲ ಪ್ಲಾಸ್ಟಿಕ್ ಹಾಳೆ. ಅಂದರೆ ನಾಲ್ಕು ಗುಂಟೆಗಿಂತ ಸ್ವಲ್ಪ ಹೆಚ್ಚು ನೀರು. ಬೆಳೆಗೆಂದು ಕಟ್ಟಿದ ಆ ನೀರಿನಲ್ಲಿ ಮೀನನ್ನೂ ಸಾಕಬಹುದೆಂದು ಯಾರೋ ಹೇಳಿದರು. 2022ರ ಮಳೆಗಾಲದಲ್ಲಿ ನಾನೂರು ಮೀನುಮರಿ ಬಿಟ್ಟ. ಕಾಟ್ಲಾ, ರೋಹು, ಮೃಗಾಲ್, ಜೊತೆಗೆ ಒಂದಷ್ಟು ಸಾಮಾನ್ಯ ಗೆಂಡೆ. ಶೇಂಗಾ ಕೈಕೊಟ್ಟ ವರ್ಷ ಅದು. ಕೈಗಡ ತಂದಿದ್ದ ಹಣ ಮೀನಿನ ಮೇಲೆ ನಿಂತಿತ್ತು.

ಮಂಗಳೂರು, ಉಡುಪಿ ಕಡೆಯ ಓದುಗರಿಗೆ ಇದು ವಿಚಿತ್ರವೆನಿಸಬಹುದು. ಕಡಲ ಮೀನಿಗೆ ಊಟ ಬಡಿಸುವವರು ಯಾರೂ ಇಲ್ಲ. ನಮ್ಮ ಹಳೆಯ ಕೆರೆಗಳಲ್ಲೂ ಇರಲಿಲ್ಲ. ಕೆರೆಯೊಳಗೆ ಪ್ರತಿ ಮೀನಿಗೂ ಒಂದೊಂದು ಓಣಿ ಇರುತ್ತದೆ. ಕಾಟ್ಲಾ ಮೇಲ್ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ, ರೋಹು ನಡುನೀರಿನಲ್ಲಿ ಪಾಚಿ, ಎಲೆಕೊಳೆ ಮೇಯುತ್ತದೆ, ಮೃಗಾಲ್ ತಳದ ಕೆಸರಿನಲ್ಲಿ ಬಾಯಿ ಹಾಕುತ್ತದೆ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಕೆಸರೇ ಇಲ್ಲ. ಕೆಸರಿನಲ್ಲಿ ಹುಟ್ಟುವ ಹುಳುವಿಲ್ಲ, ಪಾಚಿಯೂ ಕಡಿಮೆ. ಅಲ್ಲಿಯ ಮೀನು ಏನು ತಿನ್ನಬೇಕು, ಯಾವಾಗ ತಿನ್ನಬೇಕು, ಎಷ್ಟು ತಿನ್ನಬೇಕು ಎಂಬುದೆಲ್ಲ ದಂಡೆಯ ಮೇಲೆ ನಿಂತವರ ಕೈಯಲ್ಲಿದೆ.

ಆ ಕೈ ನನ್ನ ಖಾಲಾನದಾಗಿತ್ತು. ಎಪ್ಪತ್ತು ದಾಟಿದ ಹೆಂಗಸು. ನಮ್ಮ ಮನೆತನದಲ್ಲಿ ಬಂದವರ ತಟ್ಟೆ ಖಾಲಿಯಾಗಲು ಬಿಡದಿರುವುದು ಮರ್ಯಾದೆ. ಅವಳು ಅದನ್ನು ಮೀನಿಗೂ ಹಚ್ಚಿದ್ದಳು. ಬೆಳಿಗ್ಗೆ ಫಜರ್ ನಮಾಜು ಮುಗಿಸಿ ಒಂದು ಬುಟ್ಟಿ ಹಿಂಡಿ-ತೌಡು. ಮಗ ಎದ್ದು ಬಂದು ಮತ್ತೊಂದು ಬುಟ್ಟಿ, ಅವನಿಗೆ ಮೊದಲಿನದು ಗೊತ್ತಿರುತ್ತಿರಲಿಲ್ಲ. ಮಧ್ಯಾಹ್ನ ಉಳಿದ ರೊಟ್ಟಿ ಚೂರು. ಸಂಜೆ ಶಾಲೆ ಬಿಟ್ಟ ಮೊಮ್ಮಕ್ಕಳು ಹಿಡಿಹಿಡಿಯಾಗಿ ಎಸೆಯುವರು, ಮೀನು ಪಟಪಟ ಬಡಿಯುತ್ತ ಮೇಲೆ ಬರುವುದನ್ನು ನೋಡುವ ಖುಷಿಗೆ. ಮದುವೆ ಮನೆಯ ಬಿರಿಯಾನಿ ಅನ್ನ ಉಳಿದರೆ ಅದೂ ಹೊಂಡಕ್ಕೆ. ‘ಕೈ ಕಂಡರೆ ಓಡಿ ಬರ್ತಾವ, ಪಾಪ, ಹಸಿದಾವ’ ಎಂಬುದು ಅವಳ ವಾದ.

ಅಕ್ಟೋಬರಿನಲ್ಲಿ ಮೂರು ದಿನ ಮೋಡ ಕವಿಯಿತು. ಸೂರ್ಯ ಕಾಣಲಿಲ್ಲ, ಗಾಳಿ ಇಲ್ಲ. ನಾಲ್ಕನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಹೊಂಡದ ತುಂಬ ಮೀನು ಬಾಯಿ ತೆರೆದು ಮೇಲೆ ನಿಂತಿದ್ದವು. ಅರವತ್ತರ ಹತ್ತಿರ ಸತ್ತು ತೇಲಿದ್ದವು. ಫೋನು ಬಂದ ಕೂಡಲೇ ಹುಬ್ಬಳ್ಳಿಯಿಂದ ನಾನು ಹೋದೆ. ನನ್ನಿಂದ ಆಗುವುದೇನೂ ಇರಲಿಲ್ಲ, ಆದರೆ ಇಂಥ ಹೊತ್ತಿನಲ್ಲಿ ಹೋಗಿ ನಿಲ್ಲುವುದೂ ಒಂದು ಕೆಲಸ. ಸತ್ತ ಮೀನನ್ನು ಕೊಳ್ಳುತ್ತೇನೆಂದು ಒಬ್ಬ ಬಂದಿದ್ದ. ಖಾಲಾ ಒಪ್ಪಲಿಲ್ಲ. ತನ್ನಷ್ಟಕ್ಕೆ ಸತ್ತು ತೇಲಿದ ಮೀನನ್ನು ನಮ್ಮ ಹನಫಿ ಮನೆಗಳಲ್ಲಿ ತಿನ್ನುವುದಿಲ್ಲ. ಕರಾವಳಿಯ ಶಾಫಿಈ ಗೆಳೆಯರಲ್ಲಿ ಈ ಕಟ್ಟಿಲ್ಲ. ‘ನಾವು ತಿನ್ನಲಾರದ್ದನ್ನು ಮಂದಿಗೆ ಹೆಂಗ ಮಾರೋದು?’ ಎಂದಳು. ಲಿಂಬಿ ಗಿಡದ ಬುಡದಲ್ಲಿ ತಗ್ಗು ತೋಡಿ ಹೂಳಿದರು.

ಹೂಳುವ ಮುಂಚೆ ಒಂದೆರಡನ್ನು ಸೀಳಿ ನೋಡಿದೆವು. ಮೀನು ಸಾಕಣೆ ಓದಿದ ಪರಿಚಯದ ಹುಡುಗನೊಬ್ಬ ಜೊತೆಗಿದ್ದ. ರೋಹುವಿನ ಹೊಟ್ಟೆಯೊಳಗೆ ಸುರುಳಿ ಸುರುಳಿಯಾಗಿ ಕರುಳು, ಎಳೆದಷ್ಟೂ ಬರುತ್ತದೆ. ಮೀನಿನ ಉದ್ದದ ಹಲವು ಪಟ್ಟು. ಮುಂದಿನ ಭಾಗದಲ್ಲಿ ಹಿಂಡಿ ಒತ್ತಿ ತುಂಬಿದಂತಿತ್ತು, ಹಿಂದಿನ ಭಾಗ ಕೆಂಪಡರಿತ್ತು. ‘ಹೊಟ್ಟೆಯ ಚೀಲ ಎಲ್ಲಿದೆ?’ ಎಂದು ಕೇಳಿದೆ. ‘ಇದಕ್ಕೆ ಹೊಟ್ಟೆಯೇ ಇಲ್ಲ ಸರ್’ ಎಂದ ಅವನು.

ಗೆಂಡೆ ಕುಲದ ಮೀನುಗಳಿಗೆ ಜಠರವಿಲ್ಲ. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಗಾಜಿನ ತೊಟ್ಟಿಯ ಬಂಗಾರದ ಮೀನು ಎಲ್ಲವೂ ಇದೇ ಕುಲ. ನಮ್ಮಲ್ಲಿ ಅನ್ನ ಮೊದಲು ಒಂದು ಚೀಲದಲ್ಲಿ ನಿಂತು, ಆಮ್ಲದಲ್ಲಿ ನೆನೆದು, ಸ್ವಲ್ಪ ಸ್ವಲ್ಪವಾಗಿ ಕರುಳಿಗಿಳಿಯುತ್ತದೆ. ಇವುಗಳಿಗೆ ಆ ಉಗ್ರಾಣವೇ ಇಲ್ಲ. ಗಂಟಲೊಳಗಿನ ಹಲ್ಲು ಅರೆದದ್ದು ನೇರವಾಗಿ ಕರುಳಿಗೆ. ಹಾಗಾಗಿ ಅವುಗಳ ಸ್ವಭಾವ ದಿನವಿಡೀ ಚೂರುಚೂರು ಮೇಯುವುದು. ಒಮ್ಮೆಲೇ ಸುರಿದರೆ ಹಿಂದಿನ ತುತ್ತು ಮುಂದಿನದನ್ನು ನೂಕುತ್ತದೆ. ಅರ್ಧಂಬರ್ಧ ಜೀರ್ಣವಾದ ಹಿಂಡಿ ಹಾಗೇ ಹೊರಬೀಳುತ್ತದೆ. ನೀರಿನಲ್ಲಿ ಅದು ಕೊಳೆತು ಅಮೋನಿಯಾ ಆಗುತ್ತದೆ, ಆ ನೀರನ್ನೇ ಮೀನು ಉಸಿರಾಡಬೇಕು. ಊಟದ ತಟ್ಟೆ, ಪಾಯಖಾನೆ, ಮಲಗುವ ಕೋಣೆ ಎಲ್ಲ ಒಂದೇ ಆದ ಮನೆಯಲ್ಲಿ ಹೆಚ್ಚಿನ ಊಟ ಏನು ಮಾಡುತ್ತದೆಂದು ಓದುಗರು ಊಹಿಸಬಹುದು.

ಖಾಲಾ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ‘ಪೇಟಚ್ ನಯ್ ತೋ ಭೂಕ್ ಕಾಂ ಲಗ್ತಿ?’ ಎಂದು ಕೇಳಿದಳು. ಹೊಟ್ಟೆಯೇ ಇಲ್ಲವೆಂದರೆ ಹಸಿವು ಎಲ್ಲಿ ಆಗುತ್ತದೆ? ನನಗೆ ಇದು ಬಹಳ ಒಳ್ಳೆಯ ಪ್ರಶ್ನೆಯೆನಿಸಿತು. ಕೈ ಕಂಡು ಓಡಿ ಬರುವ ಮೀನು ಹಸಿದೇ ಇರಬೇಕೆಂದಿಲ್ಲ. ಒಂದೇ ಹೊತ್ತಿಗೆ ಒಂದೇ ಮೂಲೆಯಲ್ಲಿ ಊಟ ಹಾಕಿದರೆ ಮೀನು ಕೆಲವೇ ದಿನಗಳಲ್ಲಿ ಅದನ್ನು ಕಲಿಯುತ್ತದೆ. ಬಂಗಾರದ ಮೀನಿನ ಮೇಲೆ ನಡೆದ ಪ್ರಯೋಗವೊಂದರಲ್ಲಿ ದಿನವೂ ಒಂದೇ ಸಮಯಕ್ಕೆ ಊಟ ಕೊಟ್ಟಾಗ, ಊಟ ಬೀಳುವ ಮುನ್ನವೇ ಕರುಳಿನಲ್ಲಿ ಪಿಷ್ಟ ಕರಗಿಸುವ ಕಿಣ್ವ ಏರಿದ್ದು ಕಂಡಿತು. ಕರುಳು ಗಡಿಯಾರ ನೋಡಿಕೊಂಡು ಒಲೆ ಹೊತ್ತಿಸಿಡುತ್ತದೆ ಎನ್ನಬಹುದು. ರಂಜಾನಿನ ಎರಡನೆಯ ವಾರಕ್ಕೆ ನಮ್ಮ ಹೊಟ್ಟೆಯೂ ಮಗ್ರಿಬ್‌ನ ಅಜಾನಿಗೆ ಮೊದಲೇ ಸಿದ್ಧವಾಗಿ ಕೂರುವುದಿಲ್ಲವೇ? ಹೊತ್ತುಗೊತ್ತಿಲ್ಲದೆ ದಿನಕ್ಕೆ ಆರು ಸಲ ಎಸೆದರೆ ಆ ಗಡಿಯಾರ ಕೆಡುತ್ತದೆ.

ಆ ನಾಲ್ಕು ದಿನಗಳಲ್ಲಿ ನಡೆದದ್ದು ಇನ್ನೂ ಒಂದಿದೆ. ಹಗಲಲ್ಲಿ ಪಾಚಿ ಬಿಸಿಲುಂಡು ನೀರಿಗೆ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೂ ಉಸಿರಾಡಿ ಅದನ್ನು ವಾಪಸು ತೆಗೆದುಕೊಳ್ಳುತ್ತದೆ. ಆದ್ದರಿಂದ ಹೊಂಡದಲ್ಲಿ ಉಸಿರು ಅತಿ ಕಡಿಮೆ ಇರುವುದು ಸೂರ್ಯ ಹುಟ್ಟುವ ಮೊದಲಿನ ಹೊತ್ತಿನಲ್ಲಿ, ಖಾಲಾ ಬುಟ್ಟಿ ಹಿಡಿದು ಬರುತ್ತಿದ್ದ ಹೊತ್ತಿನಲ್ಲೇ. ತಿಂದದ್ದನ್ನು ಅರಗಿಸಲು ಮೀನಿಗೆ ಹೆಚ್ಚು ಆಮ್ಲಜನಕ ಬೇಕು. ಬಿಸಿಲಿಲ್ಲದ ಮೂರು ದಿನದ ಸಾಲ, ತಳದಲ್ಲಿ ಕೊಳೆಯುವ ಹಿಂಡಿ, ಮೇಲೆ ತುಂಬಿದ ಕರುಳು. ಪಕ್ಕದ ಹೊಲದ ಅಜ್ಜಾರು, ಲಿಂಗಾಯತರು, ಮೀನು ಮುಟ್ಟುವವರಲ್ಲ, ಇದನ್ನು ನಮಗಿಂತ ಬೇಗ ಗ್ರಹಿಸಿದರು. ‘ಹಸಿ ಜ್ವಾಳದ ದಂಟ ತಿಂದ ಆಕಳ ಹೊಟ್ಟಿ ಉಬ್ಬಿ ಸಾಯ್ತದಲ್ಲ ತಮ್ಮಾ. ದನಕ್ಕ ಮೆಲಕ ಹಾಕಾಕ ಹೊತ್ತ ಬೇಕು, ಮೀನಕ್ಕ ಬ್ಯಾಡೇನು?’

ಮರುದಿನದಿಂದ ಹೊಂಡದ ದಂಡೆಗೆ ಒಂದು ತಕ್ಕಡಿ ಬಂತು. ತಿಂಗಳಿಗೆರಡು ಸಲ ಬೀಸುಬಲೆ ಹಾಕಿ ಇಪ್ಪತ್ತು-ಮೂವತ್ತು ಮೀನು ತೂಗಿ, ಸರಾಸರಿ ತೆಗೆದು, ಉಳಿದ ಮೀನಿನ ಲೆಕ್ಕಕ್ಕೆ ಗುಣಿಸುವುದು. ಆಗ ಮುನ್ನೂರ ನಲವತ್ತು ಮೀನು, ತಲಾ ಇನ್ನೂರು ಗ್ರಾಂ ಅಂದರೆ ಅರವತ್ತೆಂಟು ಕಿಲೋ. ಈ ಗಾತ್ರದ ಮೀನಿಗೆ ದಿನಕ್ಕೆ ಮೈತೂಕದ ನೂರಕ್ಕೆ ಮೂರರಷ್ಟು ಸಾಕು, ಅಂದರೆ ಸುಮಾರು ಎರಡು ಕಿಲೋ. ಮರಿಯಿದ್ದಾಗ ನೂರಕ್ಕೆ ಐದು, ದೊಡ್ಡದಾದಂತೆ ಎರಡಕ್ಕೆ ಇಳಿಯಬೇಕು. ಇವರ ಮನೆಯಲ್ಲಿ ಎಲ್ಲರ ಬುಟ್ಟಿ ಕೂಡಿಸಿದರೆ ಏಳೆಂಟು ಕಿಲೋ ಬೀಳುತ್ತಿತ್ತು. ಈಗ ಎರಡು ಹೊತ್ತು: ಬಿಸಿಲೇರಿದ ಮೇಲೆ ಒಂಬತ್ತು-ಹತ್ತರ ಸುಮಾರಿಗೆ, ಮತ್ತೆ ಮಧ್ಯಾಹ್ನ ಇಳಿದಾಗ. ಹಿಂಡಿಯನ್ನು ನೀರಿಗೆ ಎರಚುವ ಬದಲು ತೂತು ಮಾಡಿದ ಚೀಲದಲ್ಲಿ ತುಂಬಿ ಬಿದಿರಿಗೆ ಕಟ್ಟಿ ಇಳಿಬಿಡುತ್ತಾರೆ. ಆಂಧ್ರದ ಕೊಲ್ಲೇರು ಸುತ್ತಿನ ಮೀನುಗಾರರು ಬಹಳ ಕಾಲದಿಂದ ಮಾಡುತ್ತ ಬಂದ ಉಪಾಯ ಇದು. ಮೀನು ಬಂದು ಚೀಲವನ್ನು ಮುಸುಡಿಯಿಂದ ತಿವಿದು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಚೀಲದಲ್ಲಿ ಉಳಿದರೆ ನಾಳೆ ಅಷ್ಟು ಕಡಿಮೆ. ಮೋಡವಿದ್ದರೆ ಅರ್ಧ, ಮೀನು ಬಾಯಿ ತೆರೆದು ಮೇಲೆ ಬಂದಿದ್ದರೆ ಏನೂ ಇಲ್ಲ. ಚಳಿಗಾಲದಲ್ಲಿ ನೀರು ತಣ್ಣಗಾದಾಗ ಇನ್ನೂ ಕಡಿಮೆ, ಯಾಕೆಂದರೆ ಮೀನಿನ ಮೈಬಿಸಿ ನೀರಿನ ಬಿಸಿಯೇ. ನೀರು ತಣಿದರೆ ಕರುಳಿನ ಕಿಣ್ವಗಳೂ ಮಂದವಾಗುತ್ತವೆ. ತೂಗುವ ಕೆಲಸವನ್ನು ಖಾಲಾನಿಗೇ ಒಪ್ಪಿಸಿದರು. ಯಾರಿಗೂ ಬುಟ್ಟಿ ಕೊಡುವುದಿಲ್ಲ ಅವಳು ಈಗ.

ಎಷ್ಟು, ಯಾವಾಗ ಎಂಬುದು ಸರಿಹೋದ ಮೇಲೆ ಏನು ಎಂಬ ಪ್ರಶ್ನೆ ಉಳಿಯಿತು. ಧಾರವಾಡ ಸೀಮೆಯ ಮಳೆಗಾಲ ಜಿಟಿಜಿಟಿ ಎಂದು ತಿಂಗಳುಗಟ್ಟಲೆ ಹನಿಯುತ್ತದೆ. ಚೀಲದ ಶೇಂಗಾ ಹಿಂಡಿ ಮೂಲೆಯಲ್ಲಿ ಬೂಸುರು ಹಿಡಿಯುತ್ತದೆ. ‘ಮೀನಿಗೆ ತಾನೆ’ ಎಂದು ಅದನ್ನೇ ಹಾಕುವವರು ಬಹಳ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿಗಳು ಸತ್ತು ಬಿದ್ದವು. ಕಾರಣ ಹುಡುಕಿದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ, ಅದರ ಬೂಸುರಿನ ವಿಷ. ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದದ್ದು ಅದರಿಂದಲೇ. ಅದೇ ಸುಮಾರಿಗೆ ಅಮೆರಿಕದ ಮೀನುಮರಿ ಕೇಂದ್ರಗಳ ಟ್ರೌಟ್ ಮೀನುಗಳಲ್ಲಿ ಪಿತ್ತಜನಕಾಂಗದ ಗಡ್ಡೆಗಳು ಕಂಡವು. ಅಲ್ಲಿ ಬೂಸುರು ಕೂತಿದ್ದು ಹತ್ತಿಕಾಳಿನ ಹಿಂಡಿಯಲ್ಲಿ. ಕರುಳಿನ ಮೂಲಕ ಒಳಹೋದ ವಿಷ ಮೊದಲು ತಟ್ಟುವುದು ಜಿಗರ್‌ಗೆ. ಉರ್ದುವಿನವರು ಸುಮ್ಮನೆ ಅಲ್ಲಿ ಜೀವ ಇಟ್ಟಿರಲಿಲ್ಲ.

ಸೋಯಾ ಕತೆ ಬೇರೆ. ನಮ್ಮ ಜಿಲ್ಲೆಯಲ್ಲಿ ಸೋಯಾಬೀನ್ ಬೇಕಾದಷ್ಟಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯವೇ ಡಿಎಸ್‌ಬಿ 21ರಂಥ ತಳಿ ಕೊಟ್ಟಿದೆ. ಹಾಗೆಂದು ಹಸಿ ಸೋಯಾ ಬೀಸಿ ಹಾಕಿದರೆ ಅದರೊಳಗಿನ ಒಂದು ಅಂಶ ಪ್ರೋಟೀನ್ ಕರಗಿಸುವ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಹುರಿದರೆ, ಬೇಯಿಸಿದರೆ ಅದು ಅಳಿಯುತ್ತದೆ. ನಾರ್ವೆಯ ಸಾಲ್ಮನ್‌ನಂಥ ಮಾಂಸಾಹಾರಿ ಮೀನಿನಲ್ಲಿ ಸಂಸ್ಕರಿಸಿದ ಸೋಯಾ ಕೂಡ ಹಿಂಗರುಳಿಗೆ ಉರಿಯೂತ ತರುತ್ತದೆ. ಒಳಗೋಡೆಯ ಮಡಿಕೆಗಳು ಗಿಡ್ಡವಾಗುತ್ತವೆ. ಗೆಂಡೆಯಲ್ಲೂ ಮೊದಲಿಗೆ ಉರಿಯೂತ ಕಂಡಿತು, ಆದರೆ ಕೆಲವು ವಾರಗಳಲ್ಲಿ ಕರುಳು ಹೊಂದಿಕೊಂಡು ಚೇತರಿಸಿಕೊಂಡಿತು. ಆದ್ದರಿಂದ ಮೀನಿನ ಆಹಾರ ಬದಲಿಸುವಾಗ ಒಂದೇ ದಿನ ಬದಲಿಸಬಾರದು, ಹಳೆಯದರಲ್ಲಿ ಹೊಸದನ್ನು ವಾರಗಟ್ಟಲೆ ಬೆರೆಸುತ್ತ ಹೋಗಬೇಕು. ಹೊಸ ಸೊಸೆಗೆ ಅತ್ತೆಮನೆಯ ಖಾರ ರೂಢಿಯಾಗುವಂತೆ.

ಮೀನು ಸತ್ತ ವಾರವೇ ಅಂಗಡಿಯವನೊಬ್ಬ ಹಳದಿ ಪುಡಿ ಕೊಟ್ಟಿದ್ದ, ಹಿಂಡಿಯಲ್ಲಿ ಕಲಸಿ ಹಾಕಲು. ಆ್ಯಂಟಿಬಯಾಟಿಕ್. ಹುಡುಗ ಬೇಡವೆಂದ. ಮೀನಿನ ಕರುಳಿನಲ್ಲೂ ನಮ್ಮ ಹಾಗೆ ಸೂಕ್ಷ್ಮಜೀವಿಗಳ ಸಂಸಾರವಿದೆ. ಗೆಂಡೆ, ತಿಲಾಪಿಯಾದಂಥ ಮೀನುಗಳಲ್ಲಿ ಸೀಟೋಬ್ಯಾಕ್ಟೀರಿಯಂ ಎಂಬುದೊಂದು ಬ್ಯಾಕ್ಟೀರಿಯಾ ಬಿ12 ಜೀವಸತ್ವವನ್ನು ತಾನೇ ತಯಾರಿಸಿ ಮೀನಿಗೆ ಕೊಡುತ್ತದೆ. ಅದೇ ಓಣಿಯಲ್ಲಿ ಏರೋಮೋನಾಸ್ ಎಂಬ ಪುಂಡನೂ ಇರುತ್ತಾನೆ. ಊಟ, ನೀರು ಸರಿಯಿದ್ದರೆ ಅವನು ತೆಪ್ಪಗಿರುತ್ತಾನೆ. ಮೀನು ಸೋತರೆ ಮೇಲೆದ್ದು ಹೊಟ್ಟೆ ಊದಿಸುತ್ತಾನೆ, ಮೈಮೇಲೆ ಕೆಂಪು ಹುಣ್ಣು ಎಬ್ಬಿಸುತ್ತಾನೆ. ರೋಗ ಯಾವುದೆಂದು ತಿಳಿಯದೆ ಪುಡಿ ಹಾಕಿದರೆ ಪುಂಡನ ಜೊತೆ ನೆರೆಹೊರೆಯವರೆಲ್ಲ ಸಾಯುತ್ತಾರೆ, ಖಾಲಿ ಓಣಿಗೆ ಔಷಧಿಗೆ ಬಗ್ಗದವನು ಬಂದು ಕೂರುತ್ತಾನೆ. ಆ ಹೊಂಡದ ನೀರು ಹೋಗುವುದು ಮೆಣಸಿನ ಗಿಡಕ್ಕೆ, ಮೀನು ಬರುವುದು ನಮ್ಮ ತಟ್ಟೆಗೆ.

ತಟ್ಟೆಯ ಮಾತು ಬಂತು. ಊರ ಹೊರಗಿನ ಕೆಲವು ಹೊಂಡಗಳಿಗೆ ಚಿಕನ್ ಅಂಗಡಿಗಳ ಕಸ, ಪುಕ್ಕ-ಕರುಳಿನ ಸಮೇತ, ಗಾಡಿಯಲ್ಲಿ ಹೋಗುವುದನ್ನು ಕಂಡಿದ್ದೇನೆ. ಅಲ್ಲಿ ಬೆಳೆಯುವುದು ಆಫ್ರಿಕನ್ ಕ್ಯಾಟ್‌ಫಿಶ್, ಇದರ ಸಾಕಣೆಗೆ ನಮ್ಮ ದೇಶದಲ್ಲಿ ನಿಷೇಧವಿದೆ. ಪುಕ್ಕಟೆ ಊಟ, ಬೇಗ ತೂಕ. ಮೀನನ್ನು ಜಬಹ ಮಾಡಬೇಕಿಲ್ಲವಾದ್ದರಿಂದ ಹಲಾಲಿನ ಪ್ರಶ್ನೆಯೇ ಇಲ್ಲವೆಂದು ನಮ್ಮವರು ಹಾಯಾಗಿರುತ್ತಾರೆ. ಆದರೆ ಹೊಲಸು ತಿಂದು ಬೆಳೆದ ಪ್ರಾಣಿಗೆ ‘ಜಲ್ಲಾಲಾ’ ಎಂಬ ಹೆಸರೇ ಇದೆ. ಅದರ ಮಾಂಸವನ್ನೂ ಹಾಲನ್ನೂ ಪ್ರವಾದಿಯವರು(ಸ) ತಡೆದಿದ್ದಾರೆ. ಅಂಥ ಕೋಳಿಯನ್ನು ಮೂರು ದಿನ ಕಟ್ಟಿಹಾಕಿ ಒಳ್ಳೆಯ ಕಾಳು ತಿನ್ನಿಸಿ ಕೊಯ್ಯುವುದನ್ನು ನಮ್ಮ ಅಜ್ಜಿಯಂದಿರು ತಪ್ಪದೆ ಮಾಡುತ್ತಿದ್ದರು. ಅವರಿಗೆ ಕರುಳಿನ ವಿಜ್ಞಾನ ಗೊತ್ತಿರಲಿಲ್ಲ, ತಿನ್ನುವುದು ತಿಂದದ್ದರಿಂದಲೇ ಆಗುತ್ತದೆಂದು ಗೊತ್ತಿತ್ತು. ಮೀನಿನವರಲ್ಲೂ ಇದಕ್ಕೆ ಹತ್ತಿರದ ಪದ್ಧತಿಯಿದೆ. ಮರಿ ಸಾಗಿಸುವ ಮುನ್ನ ಉಪವಾಸವಿಟ್ಟು ಕರುಳು ಬರಿದು ಮಾಡುತ್ತಾರೆ, ಇಲ್ಲವಾದರೆ ದಾರಿಯಲ್ಲಿ ಚೀಲದ ನೀರು ಕೆಟ್ಟು ಸಾಯುತ್ತವೆ. ಮಾರುವ ಹಿಂದಿನ ದಿನವೂ ಊಟ ನಿಲ್ಲಿಸಬೇಕು. ತುಂಬಿದ ಕರುಳಿನ ಮೀನು ಸತ್ತ ಮೇಲೂ ಅದರ ಕಿಣ್ವಗಳು ಕೆಲಸ ಬಿಡುವುದಿಲ್ಲ, ಹೊಟ್ಟೆಯ ಗೋಡೆಯನ್ನೇ ತಿಂದು ಒಡೆಯುತ್ತವೆ. ಹೊಟ್ಟೆ ಒಡೆದ ಮೀನನ್ನು ಸಂತೆಯಲ್ಲಿ ಯಾರೂ ಕೊಳ್ಳರು.

ಸಾಕಣೆಯಲ್ಲಿ ಖರ್ಚಿನ ದೊಡ್ಡ ಪಾಲು ಆಹಾರದ್ದೇ. ಪೇಟೆಯ ಗುಳಿಗೆ ಆಹಾರದಲ್ಲಿ ಕರಾವಳಿಯ ಬೂತಾಯಿ ಮೀನುಹಿಟ್ಟಾಗಿ ಸೇರಿರುತ್ತದೆ. ಬೆಲೆ ಹೆಬ್ಬಳ್ಳಿಯ ರೈತನಿಗೆ ಎಟುಕುವಂಥದ್ದಲ್ಲ. ಇದಕ್ಕೆ ದಾರಿ ನಮ್ಮ ನಾಡಿನಲ್ಲೇ ಹುಡುಕಿದ್ದುಂಟು. ಮಂಗಳೂರು ಮೀನುಗಾರಿಕಾ ಕಾಲೇಜಿನ ಬಳಗದ ಎಂ.ಸಿ. ನಂದೀಶ, ಶ್ರೀಲಂಕಾ ಮೂಲದ ವಿಜ್ಞಾನಿ ಸೇನ ಡಿಸಿಲ್ವಾ ಅವರ ಜೊತೆಗೂಡಿ 1990ರ ದಶಕದಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗಳ ಮೇಲೆ ಒಂದು ಪರೀಕ್ಷೆ ಮಾಡಿದರು. ಮೀನು ದಿನವೂ ಪ್ರೋಟೀನನ್ನು ಒಂದೇ ಸಮನಾಗಿ ಜೀರ್ಣಿಸುವುದಿಲ್ಲ, ಅದರಲ್ಲಿ ಏರಿಳಿತವಿದೆ ಎಂಬುದು ಡಿಸಿಲ್ವಾ ಅವರ ಹಿಂದಿನ ಕೆಲಸದಿಂದ ತಿಳಿದಿತ್ತು. ಹಾಗಿದ್ದರೆ ದಿನವೂ ತುಪ್ಪದೂಟ ಯಾಕೆ? ಕೆಲವು ದಿನ ಹೆಚ್ಚು ಪ್ರೋಟೀನಿನ ಆಹಾರ, ಕೆಲವು ದಿನ ಕಡಿಮೆಯದು ಎಂದು ಸರದಿ ಹಾಕಿದರು. ಮೀನು ಹೆಚ್ಚುಕಡಿಮೆ ಅಷ್ಟೇ ಬೆಳೆಯಿತು, ಖರ್ಚು ಉಳಿಯಿತು, ನೀರಿಗೆ ಬೀಳುವ ಸಾರಜನಕವೂ ಇಳಿಯಿತು. ನಂದೀಶ 2012ರಲ್ಲಿ ತೀರಿಕೊಂಡರು. ಅವರ ಈ ಸರಳ ಲೆಕ್ಕ ನಮ್ಮ ಹೊಂಡಗಳ ದಂಡೆಗೆ ಇನ್ನೂ ಸರಿಯಾಗಿ ಬಂದು ಮುಟ್ಟಿಲ್ಲ ಎಂಬುದೇ ನನ್ನ ತಕರಾರು. ಯೋಜನೆಗಳಲ್ಲಿ ಹೊಂಡ ತೋಡಲು ದುಡ್ಡಿರುತ್ತದೆ, ಮರಿ ಬಿಡಲು ಸಹಾಯಧನ ಇರುತ್ತದೆ. ಎಷ್ಟು ಹಾಕಬೇಕು, ಯಾವಾಗ ಕೈ ತಡೆಯಬೇಕು ಎಂದು ದಂಡೆಗೆ ಬಂದು ಹೇಳುವವರು ಇರುವುದಿಲ್ಲ.

ಖಾಲಾನ ಮನೆಯ ಗೋಡೆಯ ಮೇಲಿನ ಉರ್ದು ಕ್ಯಾಲೆಂಡರಿನಲ್ಲಿ ಈಗ ಎರಡು ಬಗೆಯ ಗುರುತುಗಳಿವೆ. ಗೋಲ ಹಾಕಿದ ದಿನ ಹಿಂಡಿ ಹೆಚ್ಚು, ಗೀಟು ಎಳೆದ ದಿನ ತೌಡು ಹೆಚ್ಚು. ವಾರಕ್ಕೊಂದು ದಿನ ಏನೂ ಹಾಕದೆ ಬಿಟ್ಟರೆ ತಳದ ಉಳಿಕೆಯನ್ನು ಮೀನು ತಾವೇ ಗುಡಿಸುತ್ತವೆ, ಕರುಳಿಗೂ ಬಿಡುವಾಗುತ್ತದೆ ಎಂದು ಹುಡುಗ ಹೇಳಿದ್ದ. ಮಗ ಶುಕ್ರವಾರ ಎಂದ, ಅಂದು ಅವನಿಗೂ ಧಾರವಾಡಕ್ಕೆ ಹೋಗುವುದಿರುತ್ತದೆ. ‘ಜುಮ್ಮಾದ ದಿನ ಯಾರನ್ನೂ ಉಪವಾಸ ಕೆಡವಬಾರದು’ ಎಂದು ಖಾಲಾ ಹಟ ಹಿಡಿದಳು. ಕೊನೆಗೆ ಸೋಮವಾರವೆಂದು ತೀರ್ಮಾನವಾಯಿತು. ಸೋಮವಾರದ ರೋಜಾ ಸುನ್ನತ್, ಅವಳೂ ಆಗಾಗ ಇಡುತ್ತಾಳೆ. ಬದುವಿನ ಮೇಲೆ ನಿಂತು ಕೇಳುತ್ತಿದ್ದ ಅಜ್ಜಾರು ನಕ್ಕರು. ‘ಸೋಮಾರ ನಂದೂ ಒಪ್ಪತ್ತು. ನಿಮ್ಮ ಮೀನ ನಮ್ಮ ಕಡೇನ ಬಂದಾವ ನೋಡವ್ವಾ.’